ಗೋಣು ನಿಂತೈತೇನ? ಕೂಸಿನ ಮೈ ಬೆಳೆಯುವ ಮೊದಲ ಆರು ತಿಂಗಳು

ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಿದ್ದ ಅಕ್ಕನ ಮಗಳನ್ನು ಬಸ್ ಹತ್ತಿಸಲು ಬಾಗಲಕೋಟೆ ನಿಲ್ದಾಣಕ್ಕೆ ಹೋಗಿದ್ದೆ. ಇಳಕಲ್ ಬಸ್ಸು ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕುಂಚಿಗೆ ಸರಿಸಿ ಕೂಸಿನ ಮುಖ ನೋಡಿದರು.

"ಎಷ್ಟ್ ತಿಂಗಳದ್ದವ್ವಾ?"

"ನಾಕ್ ತಿಂಗಳದ್ದ ಐತ್ರಿ."

"ಗೋಣ ನಿಂತೈತೇನ?"

ಅಷ್ಟೇ ಕೇಳಿದ್ದು. ಹುಡುಗಿಯ ಮುಖ ಸಣ್ಣದಾಯಿತು. ಗೋಣು ಇನ್ನೂ ಪೂರ್ತಿ ನಿಂತಿರಲಿಲ್ಲ. ಎತ್ತಿಕೊಂಡರೆ ತಲೆ ಒಂದು ಗಳಿಗೆ ನೆಟ್ಟಗೆ ನಿಂತು, ಆಮೇಲೆ ಓಲಾಡಿ ಹೆಗಲಿಗೆ ಒರಗುತ್ತಿತ್ತು. ಅದೇ ವಾರ ಹುಟ್ಟಿದ ಓಣಿಯ ಇನ್ನೊಂದು ಕೂಸು ಆಗಲೇ ಡಬ್ಬ ಬೀಳುತ್ತಿದೆ, ಅಂದರೆ ಬೋರಲು ಹೊರಳುತ್ತಿದೆ, ಎಂಬ ಸುದ್ದಿ ಹದಿನೈದು ದಿನದಿಂದ ಮನೆಯಲ್ಲಿ ಸುತ್ತುತ್ತಿತ್ತು.

ಗೋಣು ನಿಲ್ಲುವುದು ಅಂದರೆ ಏನು? ಅದು ಯಾಕೆ ಎಲ್ಲದಕ್ಕಿಂತ ಮೊದಲು? ನಾಲ್ಕು ತಿಂಗಳಿಗೆ ನಿಲ್ಲದಿದ್ದರೆ ಹೆದರಬೇಕಾ? ಈ ಪ್ರಶ್ನೆಗಳಿಗೆ ಉತ್ತರ ಇದೆ. ಆದರೆ ತೂಕದಿಂದ ಶುರು ಮಾಡಬೇಕು. ಮನೆಯವರು ಮೊದಲು ಗಾಬರಿಯಾಗುವುದು ಅಲ್ಲೇ.

ಮೊದಲ ವಾರ ತೂಕ ಇಳಿಯುತ್ತದೆ

2 ಕಿಲೋ 800 ಗ್ರಾಂ ಇದ್ದ ಕೂಸು ಮೂರನೇ ದಿನ 2 ಕಿಲೋ 600 ಗ್ರಾಂ ತೂಗಿದರೆ "ಹಾಲು ಸಾಲ್ತಿಲ್ಲ" ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಹೆಚ್ಚಿನ ಸಲ ಹಾಗಿರುವುದಿಲ್ಲ. ಹೊಟ್ಟೆಯೊಳಗೆ ಒಂಬತ್ತು ತಿಂಗಳು ನೀರಲ್ಲೇ ಇದ್ದ ಜೀವ ಅದು. ಮೈಯಲ್ಲಿ ಹೆಚ್ಚುವರಿ ನೀರು ತುಂಬಿಕೊಂಡೇ ಹೊರಗೆ ಬರುತ್ತದೆ. ಆ ನೀರು ಮೂತ್ರವಾಗಿ ಹೋಗುತ್ತದೆ, ಮೊದಲ ಕಪ್ಪು ಮಲವೂ ಹೋಗುತ್ತದೆ. ಹುಟ್ಟಿದಾಗಿನ ತೂಕದಲ್ಲಿ ನೂರಕ್ಕೆ ಏಳರವರೆಗೆ ಇಳಿಯುವುದು ಮಾಮೂಲಿ. ನೂರಕ್ಕೆ ಹತ್ತನ್ನು ದಾಟಿದರೆ ಮಾತ್ರ ಹಾಲು ಸರಿಯಾಗಿ ಸಿಗುತ್ತಿದೆಯೇ ಎಂದು ತೋರಿಸಿ ನೋಡಬೇಕು. ಎರಡು ವಾರದೊಳಗೆ ಕೂಸು ಹುಟ್ಟಿದಾಗಿನ ತೂಕಕ್ಕೆ ಮರಳಿರಬೇಕು.

ಆಮೇಲಿನ ಓಟ ಜೋರು. ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 25ರಿಂದ 30 ಗ್ರಾಂ ಏರುತ್ತದೆ. ಅಮೀನಗಡದ ಕರದಂಟಿನ ಒಂದು ಸಣ್ಣ ತುಂಡಿನಷ್ಟು ಅಂದುಕೊಳ್ಳಿ. ಕೈಗೆ ಗೊತ್ತಾಗುವುದಿಲ್ಲ. ಆದರೆ ವಾರಕ್ಕೆ ಅದು 200 ಗ್ರಾಮಿನ ಹತ್ತಿರ ಹೋಗುತ್ತದೆ. ಐದು ತಿಂಗಳ ಹೊತ್ತಿಗೆ ಹುಟ್ಟಿದಾಗಿನ ತೂಕದ ದುಪ್ಪಟ್ಟು, ವರ್ಷ ತುಂಬುವಾಗ ಮೂರು ಪಟ್ಟು ಆಗುತ್ತದೆ. ಹುಟ್ಟುವಾಗ 50 ಸೆಂಟಿಮೀಟರ್ ಆಸುಪಾಸು ಇದ್ದ ಉದ್ದ ಒಂದು ವರ್ಷಕ್ಕೆ 75ಕ್ಕೆ ಬರುತ್ತದೆ.

ಇದನ್ನು ಮನೆಯಲ್ಲಿ ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ. ಅದಕ್ಕೇ ತಾಯಿ ಕಾರ್ಡ್ ಇರುವುದು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಕೂಸನ್ನು ನೋಡಬೇಕು ಎಂಬ ನಿಯಮವಿದೆ. ನಂತರ ಅಂಗನವಾಡಿಯಲ್ಲಿ ತೂಕ ಹಾಕಿ ಕಾರ್ಡಿನ ಚಾರ್ಟಿನಲ್ಲಿ ಚುಕ್ಕಿ ಇಡುತ್ತಾರೆ. ಹೆಣ್ಣು ಮಗುವಿಗೆ ಗುಲಾಬಿ ಬಣ್ಣದ ಚಾರ್ಟು, ಗಂಡು ಮಗುವಿಗೆ ನೀಲಿ. ಒಳಗೆ ಹಸಿರು, ಹಳದಿ, ಕಿತ್ತಳೆ ಪಟ್ಟಿಗಳು. ಹಸಿರು ಅಂದರೆ ತೂಕ ಸರಿಯಿದೆ, ಹಳದಿ ಅಂದರೆ ಕಡಿಮೆ, ಕಿತ್ತಳೆ ಅಂದರೆ ತೀರಾ ಕಡಿಮೆ.

ಎರಡು ಚಾರ್ಟು ಯಾಕೆ ಅಂದರೆ ಗಂಡು ಮಕ್ಕಳು ಸರಾಸರಿ ತುಸು ಹೆಚ್ಚು ತೂಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮೂರು ತಿಂಗಳ ಗಂಡು ಮಗುವಿನ ನಡುಮಟ್ಟದ ತೂಕ 6.4 ಕಿಲೋ, ಹೆಣ್ಣು ಮಗುವಿನದು 5.8 ಕಿಲೋ. ನಡುಮಟ್ಟ ಅಂದರೆ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ನಿಲ್ಲುವ ಮಗು. ಅರ್ಧ ಮಕ್ಕಳು ಅದಕ್ಕಿಂತ ಕಡಿಮೆ ಇರಲೇಬೇಕು, ಅಲ್ವಾ? ಮೂರು ತಿಂಗಳಿಗೆ ಹುಡುಗ 5 ಕಿಲೋಕ್ಕಿಂತ, ಹುಡುಗಿ 4.5 ಕಿಲೋಕ್ಕಿಂತ ಕೆಳಗಿದ್ದರೆ ಮಾತ್ರ ಕಡಿಮೆ ತೂಕ ಎನ್ನುತ್ತಾರೆ.

ಇಲ್ಲಿ ಒಂದು ಮಾತು ತಲೆಯಲ್ಲಿರಲಿ. ಒಂದೇ ಚುಕ್ಕಿ ನೋಡಿ ಏನೂ ಹೇಳಲಾಗದು. ಚುಕ್ಕಿಗಳನ್ನು ಕೂಡಿಸಿದ ಗೆರೆ ಮೇಲಕ್ಕೆ ಹೋಗುತ್ತಿದೆಯೇ ಎಂಬುದೇ ಮುಖ್ಯ. 2.4 ಕಿಲೋ ಹುಟ್ಟಿದ ಕೂಸು ಕೆಳಗಿನ ಪಟ್ಟಿಯಲ್ಲೇ ಇದ್ದರೂ ಗೆರೆ ಏರುತ್ತಿದ್ದರೆ ಅದು ಬೆಳೆಯುತ್ತಿದೆ. ಗುಂಡಗಿದ್ದ ಕೂಸಿನ ಗೆರೆ ಎರಡು ತಿಂಗಳಿಂದ ಅಡ್ಡ ಮಲಗಿದ್ದರೆ, ಹಸಿರು ಪಟ್ಟಿಯಲ್ಲಿದ್ದರೂ ಕಾರಣ ಹುಡುಕಬೇಕು.

ನೆತ್ತಿ ಮಿಡಿಯುವುದು ಯಾಕೆ?

ಕೂಸಿನ ತಲೆ ಮೇಲೆ ಬೆರಳಿಟ್ಟರೆ ಒಂದು ಕಡೆ ಎಲುಬೇ ಇಲ್ಲ, ಮೆತ್ತಗಿದೆ, ಅಲ್ಲಿ ನಾಡಿ ಬಡಿಯುತ್ತಿದೆ. ಮೊದಲ ಸಲ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ.

ದೊಡ್ಡವರ ತಲೆಬುರುಡೆ ಒಂದೇ ಗಡಿಗೆಯ ಹಾಗೆ ಕಂಡರೂ ಅದು ಹಲವು ಎಲುಬಿನ ತುಂಡುಗಳ ಜೋಡಣೆ. ಕುಂಚಿಗೆ ಹೊಲಿಯುವಾಗ ಗುಳೇದಗುಡ್ಡದ ಖಣವನ್ನು ತುಂಡು ಮಾಡಿ, ಜೋಡಿಸಿ, ಕಚ್ಚಾ ಹೊಲಿಗೆ ಹಾಕಿಡುತ್ತಾರಲ್ಲ, ಕೂಸಿನ ಬುರುಡೆ ಆ ಹಂತದಲ್ಲಿರುತ್ತದೆ. ತುಂಡುಗಳು ಇವೆ, ಗಟ್ಟಿ ಹೊಲಿಗೆ ಬಿದ್ದಿಲ್ಲ. ಹಲವು ತುಂಡುಗಳು ಸೇರುವ ಮೂಲೆಯಲ್ಲಿ ಖಾಲಿ ಜಾಗ ಉಳಿಯುತ್ತದೆ. ಅದೇ ನೆತ್ತಿ. ಅದರ ಮೇಲೆ ಗಟ್ಟಿ ಪೊರೆ ಇರುವುದರಿಂದ ಮೆಲ್ಲಗೆ ಮುಟ್ಟಿದರೆ ಏನೂ ಆಗದು.

ಈ ಸಡಿಲ ಜೋಡಣೆಯಿಂದ ಎರಡು ಕೆಲಸ ಆಗುತ್ತದೆ. ಹೆರಿಗೆಯ ಇಕ್ಕಟ್ಟಿನ ದಾರಿಯಲ್ಲಿ ಎಲುಬುಗಳು ಒಂದರ ಮೇಲೊಂದು ಸರಿದು ತಲೆ ಕಿರಿದಾಗುತ್ತದೆ. ಕೆಲವು ಕೂಸುಗಳ ತಲೆ ಮೊದಲ ದಿನ ಉದ್ದಕ್ಕೆ ಕಾಣುವುದು ಇದಕ್ಕೇ. ಅದು ತಾನಾಗಿಯೇ ದುಂಡಗಾಗುತ್ತದೆ, ಎರೆಯುವಾಗ ಒತ್ತಿ ಒತ್ತಿ ಆಕಾರ ಕೊಡುವ ಅಗತ್ಯವಿಲ್ಲ. ಎರಡನೆಯದು ಮಿದುಳಿಗೆ ಜಾಗ. ಮೊದಲ ವರ್ಷದಲ್ಲಿ ಮಿದುಳು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ತಲೆಯ ಸುತ್ತಳತೆ ಮೊದಲ ಮೂರು ತಿಂಗಳು ತಿಂಗಳಿಗೆ 2 ಸೆಂಟಿಮೀಟರ್, ಮುಂದಿನ ಮೂರು ತಿಂಗಳು ತಿಂಗಳಿಗೆ 1 ಸೆಂಟಿಮೀಟರ್ ಹೆಚ್ಚುತ್ತದೆ. ಹುಟ್ಟುವಾಗ 34 ಇದ್ದದ್ದು ಆರು ತಿಂಗಳಿಗೆ 43ರ ಹತ್ತಿರ. ಬುರುಡೆ ಮೊದಲೇ ಗಟ್ಟಿಯಾಗಿಬಿಟ್ಟಿದ್ದರೆ ಮಿದುಳು ಎಲ್ಲಿಗೆ ಹೋಗಬೇಕಿತ್ತು?

ಹಿಂದಿನ ಸಣ್ಣ ನೆತ್ತಿ ಎರಡು ತಿಂಗಳ ಹೊತ್ತಿಗೆ ಮುಚ್ಚುತ್ತದೆ. ಮುಂದಿನದು ಸಾಮಾನ್ಯವಾಗಿ 9ರಿಂದ 18 ತಿಂಗಳ ನಡುವೆ. ಔಡಲ ಎಣ್ಣೆ ತುಂಬಿದರೆ ನೆತ್ತಿ ಬೇಗ ಕೂಡುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಎಣ್ಣೆ ಚರ್ಮದ ಮೇಲೇ ಉಳಿಯುತ್ತದೆ. ಎಲುಬು ಕೂಡುವುದು ಒಳಗಿನ ಲೆಕ್ಕ. ಆದರೆ ನೆತ್ತಿಯನ್ನು ಗಮನಿಸುವ ಹಿರಿಯರ ರೂಢಿ ಒಳ್ಳೆಯದು. ಅದು ಒಳಗೆ ಕುಸಿದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿರಬಹುದು, ವಾಂತಿಭೇದಿ ಆದಾಗ ಹೀಗಾಗುತ್ತದೆ. ಅಳದೆ ಸುಮ್ಮನಿರುವಾಗಲೂ ಉಬ್ಬಿ ಬಿಗಿಯಾಗಿದ್ದರೆ, ಜೊತೆಗೆ ಜ್ವರವೋ ಮಂಕೋ ಇದ್ದರೆ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಕಾಲುವೆಗೆ ನೀರು ಬಿಟ್ಟ ಹಾಗೆ

ಈಗ ಗೋಣಿನ ಮಾತು.

ಹಿಡಕಲ್ ಡ್ಯಾಮಿನಿಂದ ಘಟಪ್ರಭಾ ಕಾಲುವೆಗೆ ನೀರು ಬಿಟ್ಟರೆ ಮೊದಲು ಯಾರ ಹೊಲಕ್ಕೆ ಬರುತ್ತದೆ? ಮೇಲ್ಭಾಗದವರಿಗೆ. ಟೇಲ್ ಎಂಡಿನ ರೈತ ಕಾಯುತ್ತಾನೆ. ಮೇಲೆ ಮುಖ್ಯ ಕಾಲುವೆ, ಅದರಿಂದ ಹಂಚು ಕಾಲುವೆ, ಅದರಿಂದ ಹೊಲಗಾಲುವೆ. ಈ ಸಾಲನ್ನು ತಪ್ಪಿಸಿ ನೀರು ಕೊನೆಯ ಹೊಲಕ್ಕೆ ಹಾರುವುದಿಲ್ಲ.

ಕೂಸಿನ ಮೈ ಹತೋಟಿಗೆ ಬರುವುದೂ ಹೀಗೆಯೇ, ತಲೆಯಿಂದ ಕಾಲಿನ ಕಡೆಗೆ, ಮೈಯ ನಡುವಿನಿಂದ ತುದಿಗಳ ಕಡೆಗೆ. ಮೊದಲು ಗೋಣು, ಆಮೇಲೆ ಹೆಗಲು ಮತ್ತು ಬೆನ್ನು, ಆಮೇಲೆ ಸೊಂಟ, ಕಡೆಗೆ ಕಾಲು. ಅತ್ತ ಕೈಯಲ್ಲಿ ಮೊದಲು ರಟ್ಟೆ, ಆಮೇಲೆ ಅಂಗೈ, ಕಡೆಗೆ ಬೆರಳ ತುದಿ.

ಇದರ ಹಿಂದಿರುವುದು ನರಗಳ ಕೆಲಸ. ಮಿದುಳಿನ ಅಪ್ಪಣೆ ಸ್ನಾಯುವಿಗೆ ತಲುಪುವುದು ನರದ ಎಳೆಗಳ ಮೂಲಕ. ಕರೆಂಟಿನ ವೈರಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ಲ, ಹಾಗೆ ನರದ ಎಳೆಗೂ ಕೊಬ್ಬಿನ ಹೊದಿಕೆ ಬೇಕು. ಅದರ ಹೆಸರು ಮೈಲಿನ್. ಹೊದಿಕೆ ಬಿದ್ದ ಎಳೆಯಲ್ಲಿ ಸುದ್ದಿ ಬೇಗ ಓಡುತ್ತದೆ, ಬೀಳದ ಎಳೆಯಲ್ಲಿ ತಡವಾಗುತ್ತದೆ. ಹುಟ್ಟುವಾಗ ಈ ಹೊದಿಕೆಯ ಕೆಲಸ ಅರ್ಧಕ್ಕೂ ಬಂದಿರುವುದಿಲ್ಲ. ಹುಟ್ಟಿದ ಮೇಲೆ ಹಂತಹಂತವಾಗಿ ಮುಂದುವರಿಯುತ್ತದೆ, ಅದಕ್ಕೆ ವರ್ಷಗಳೇ ಬೇಕು.

ಗೋಣು ಮೊದಲ ಪಾಠವಾದರೂ ಸುಲಭದ ಪಾಠವಲ್ಲ. ಹೊಸ ಕೂಸಿನ ಉದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತದೆ. ದೊಡ್ಡವರಲ್ಲಿ ಅದು ಏಳರಲ್ಲೋ ಎಂಟರಲ್ಲೋ ಒಂದು ಪಾಲು. ನಮ್ಮ ತಲೆಯೂ ಆ ಅಳತೆಯಲ್ಲಿದ್ದಿದ್ದರೆ ತುಂಬಿದ ಕೊಡ ಹೊತ್ತವರ ಹಾಗೆ ದಿನವಿಡೀ ಗೋಣು ಬಿಗಿಹಿಡಿದು ಓಡಾಡಬೇಕಿತ್ತು.

ದಾರಿ ಹೀಗೆ ಸಾಗುತ್ತದೆ. ಒಂದು ತಿಂಗಳ ಕೂಸನ್ನು ಬೋರಲು ಮಲಗಿಸಿದರೆ ಉಸಿರಿಗೆ ಮುಖವನ್ನು ಒಂದು ಮಗ್ಗುಲಿಗೆ ಹೊರಳಿಸುವಷ್ಟು ಶಕ್ತಿ ಇರುತ್ತದೆ. ಎರಡು ತಿಂಗಳಿಗೆ ತಲೆಯನ್ನು ಸ್ವಲ್ಪ ಹೊತ್ತು ಎತ್ತುತ್ತದೆ. ಮೂರು ತಿಂಗಳ ಹೊತ್ತಿಗೆ ಮೊಣಕೈ ಊರಿ ಎದೆಯನ್ನೂ ಎತ್ತಲು ನೋಡುತ್ತದೆ. ನಾಲ್ಕು ತಿಂಗಳು ತುಂಬುವಾಗ ಎತ್ತಿಕೊಂಡರೆ ತಲೆ ಓಲಾಡದೆ ನಿಲ್ಲುತ್ತದೆ. ಗೋಣು ನಿಂತಿತು ಅಂದರೆ ಇದು. ಹೊರಳುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಲ್ಲಿ. ಆರರ ಹೊತ್ತಿಗೆ ಎರಡೂ ಕೈ ಮುಂದೆ ಊರಿಕೊಂಡು ಮುಕ್ಕಾಲಿಯ ಹಾಗೆ ಕೂರುತ್ತದೆ, ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ವಾಲಿ ಬೀಳುತ್ತದೆ.

ಕೈಗಳ ಕಥೆ ಇನ್ನೂ ಚೆಂದ. ಮೊದಲೆರಡು ತಿಂಗಳು ಮುಷ್ಟಿ ಬಿಗಿ. ಮೂರರ ಹೊತ್ತಿಗೆ ಸಡಿಲವಾಗಿ, ಕೂಸು ತನ್ನ ಕೈಯನ್ನೇ ಬೇರೆ ಯಾರದ್ದೋ ಎಂಬಂತೆ ಎತ್ತಿ ಹಿಡಿದು ನೋಡುತ್ತದೆ. ನಾಲ್ಕೈದು ತಿಂಗಳಿಗೆ ಅಮ್ಮನ ತಾಳಿ, ಅಜ್ಜನ ಕನ್ನಡಕ, ಕೈಗೆ ಸಿಕ್ಕಿದ್ದೆಲ್ಲ ಅದರದ್ದೇ. ಆಗ ಹಿಡಿಯುವುದು ಇಡೀ ಅಂಗೈಯಿಂದ. ಆರಕ್ಕೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತದೆ. ನೆಲಕ್ಕೆ ಬಿದ್ದ ಕಾಳನ್ನು ಹೆಬ್ಬೆರಳು ತೋರುಬೆರಳಿನಿಂದ ಹೆಕ್ಕುವ ಜಾಣತನ ಬರುವುದು ಒಂಬತ್ತು, ಹತ್ತರ ಸುಮಾರಿಗೆ. ಬೆರಳ ತುದಿ ಅಂದರೆ ಟೇಲ್ ಎಂಡ್.

ಈ ತಿಂಗಳ ಲೆಕ್ಕ ಪಂಚಾಂಗದ ಮುಹೂರ್ತವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಭಾರತವೂ ಸೇರಿ ಆರು ದೇಶಗಳಲ್ಲಿ ಆರೋಗ್ಯವಂತ ಮಕ್ಕಳ ಬೆಳವಣಿಗೆಯನ್ನು ಅಳೆಯಿತು. ಅದರ ಮೇಲೆ 2006ರಲ್ಲಿ ಬಂದ ಮಾನದಂಡಗಳೇ ಇವತ್ತಿನ ಅಂಗನವಾಡಿ ಚಾರ್ಟಿಗೂ ಆಧಾರ. ಅದೇ ಅಧ್ಯಯನದಲ್ಲಿ ಮಕ್ಕಳು ಆಸರೆಯಿಲ್ಲದೆ ಕೂತದ್ದು 3.8 ತಿಂಗಳಿಂದ 9.2 ತಿಂಗಳವರೆಗೆ. ಒಂಟಿಯಾಗಿ ನಡೆದದ್ದು 8.2ರಿಂದ 17.6 ತಿಂಗಳವರೆಗೆ. ಎಂಟು ತಿಂಗಳಿಗೆ ನಡೆದ ಮಗುವೂ ಸರಿ, ಹದಿನೇಳಕ್ಕೆ ನಡೆದದ್ದೂ ಸರಿ. ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲು ಇಡದೆಯೇ ಮುಂದಕ್ಕೆ ಹೋದವು. ಓಣಿಯ ಇನ್ನೊಂದು ಕೂಸಿನ ಜೊತೆ ಹೋಲಿಸಿ ರಾತ್ರಿ ನಿದ್ದೆ ಬಿಡುವವರಿಗೆ ಈ ಅಂಕಿಗಳನ್ನು ಬರೆದುಕೊಡಬೇಕು ಅನಿಸುತ್ತದೆ.

ಬೆಚ್ಚಿಬೀಳುವ ಕೂಸು, ನಿದ್ದೆಯಲ್ಲಿ ನಗುವ ಕೂಸು

ಪಾತ್ರೆ ಬಿದ್ದ ಸದ್ದಾದರೆ ಕೂಸು ಎರಡೂ ಕೈ ಅಗಲ ಚಾಚಿ, ಆಮೇಲೆ ಅಪ್ಪಿಕೊಳ್ಳುವ ಹಾಗೆ ಎದೆಗೆ ಎಳೆದುಕೊಂಡು ಅಳುತ್ತದೆ. "ಅಂಜ್ಯಾತಿ" ಎಂದು ದೃಷ್ಟಿ ತೆಗೆಯುತ್ತಾರೆ. ಇದು ಮಿದುಳಿನ ಕೆಳಭಾಗ ಯಾರನ್ನೂ ಕೇಳದೆ ಮಾಡಿಸುವ ಕೆಲಸ. ಧೂಳು ಬಂದರೆ ನಮ್ಮ ರೆಪ್ಪೆ ತಾನೇ ಮುಚ್ಚುವ ಹಾಗೆ. ಡಾಕ್ಟರುಗಳು ಮೋರೋ ಪ್ರತಿಕ್ರಿಯೆ ಎನ್ನುತ್ತಾರೆ. ಹುಟ್ಟಿದ ಕೂಸಿಗೆ ಇದು ಇರಬೇಕು, ಎರಡೂ ಕೈಗಳಲ್ಲಿ ಒಂದೇ ರೀತಿ ಇರಬೇಕು. ಒಂದೇ ಕೈ ಚಾಚಿದರೆ ಇನ್ನೊಂದು ಕೈಯ ನರಕ್ಕೋ ಎಲುಬಿಗೋ ಹೆರಿಗೆಯಲ್ಲಿ ಪೆಟ್ಟಾಗಿರಬಹುದು, ತೋರಿಸಬೇಕು.

ಕೆನ್ನೆ ಸವರಿದರೆ ಆ ಕಡೆ ಬಾಯಿ ತಿರುಗಿಸುವುದು, ಅಂಗೈಯಲ್ಲಿ ಬೆರಳಿಟ್ಟರೆ ಬಿಗಿ ಹಿಡಿಯುವುದು, ಇವೂ ಅದೇ ಜಾತಿಯವು. ಹಿಡಿದು ನಿಲ್ಲಿಸಿದರೆ ಹೆಜ್ಜೆ ಇಟ್ಟಂತೆ ಕಾಲು ಆಡಿಸುವುದೂ ಅಷ್ಟೇ. ಅದನ್ನು ನೋಡಿ "ಈಗ ನಡೀಲಿಕ್ಕೆ ಹತ್ತೇತಿ" ಎಂದು ಖುಷಿಪಡುವ ಮಾವಂದಿರಿಗೆ ಬೇಜಾರು ಮಾಡಬೇಕಿಲ್ಲ. ಆದರೆ ಎರಡು ತಿಂಗಳಲ್ಲಿ ಅದು ಮರೆಯಾಗುತ್ತದೆ. ಬೆಚ್ಚುವುದು ಆರು ತಿಂಗಳೊಳಗೆ ಹೋಗುತ್ತದೆ. ಮಿದುಳಿನ ಮೇಲ್ಭಾಗ ಬಲಿತು ಅಧಿಕಾರ ವಹಿಸಿಕೊಂಡಂತೆ ಈ ಹಳೆಯ ಕಾವಲುಗಾರರು ಹಿಂದೆ ಸರಿಯುತ್ತಾರೆ. ಸರಿಯದೆ ಉಳಿದರೆ ಆಗ ಡಾಕ್ಟರು ಹುಬ್ಬು ಗಂಟಿಕ್ಕುತ್ತಾರೆ.

ನಗುವಿನಲ್ಲೂ ಎರಡು ಬಗೆ. ಮೊದಲ ವಾರಗಳಲ್ಲಿ ನಿದ್ದೆಗಣ್ಣಲ್ಲಿ ನಗುವುದನ್ನು ಹಣೆಬರಹ ಬರೆಯುವ ದೇವತೆ ಶೆಟಿಗೆವ್ವ ಆಡಿಸುತ್ತಾಳೆ ಎನ್ನುತ್ತಾರೆ. ಅದು ನಿದ್ದೆಯಲ್ಲಿ ಮುಖದ ಸ್ನಾಯು ತಾನಾಗಿ ಆಡುವುದು. ಆರರಿಂದ ಎಂಟು ವಾರದ ಹೊತ್ತಿಗೆ ನಿಮ್ಮ ಮುಖ ನೋಡಿ, ನೀವು ನಕ್ಕದ್ದಕ್ಕೆ ತಾನೂ ನಗುತ್ತದಲ್ಲ, ಅದು ನಿಜವಾದ ಉತ್ತರ. ಆ ನಗುವಿಗೆ ಕಣ್ಣು ಚೆನ್ನಾಗಿ ಕಾಣಬೇಕು, ಮುಖದ ಗುರುತು ಹತ್ತಬೇಕು.

ಹೊಸ ಕೂಸಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ. ಮೊಲೆಯೂಡುವಾಗ ಕೂಸಿನ ಕಣ್ಣಿಂದ ತಾಯಿಯ ಮುಖ ಸರಿಸುಮಾರು ಅಷ್ಟೇ ದೂರ ಇರುತ್ತದೆ! ತಿಳಿ ಬಣ್ಣಗಳಿಗಿಂತ ಗಾಢ ಬಣ್ಣಗಳ ಅಂಚು ಬೇಗ ಕಣ್ಣಿಗೆ ಬೀಳುತ್ತದೆ. ಕಪ್ಪು ಸೀರೆಗೆ ಕೆಂಪು ಸೆರಗಿನ ಇಳಕಲ್ ಉಟ್ಟ ಅಜ್ಜಿಯ ಕಡೆ ಕೂಸು ಕಣ್ಣು ಬಿಟ್ಟು ನೋಡಿದರೆ ಆಶ್ಚರ್ಯವಿಲ್ಲ. ಮೊದಲ ಮೂರು ತಿಂಗಳು ಆಗಾಗ ಮೆಳ್ಳಗಣ್ಣು ಕಂಡರೂ ಚಿಂತೆ ಬೇಡ. ಕಾಡಿಗೆ ಮಾತ್ರ ಕಣ್ಣೊಳಗೆ ಬೇಡ. ಅಂಗಡಿಯ ಕಾಡಿಗೆಯಲ್ಲಿ ಸೀಸ ಇರಬಹುದು, ಮನೆಯದರಲ್ಲೂ ಬೆರಳಿನ ಸೋಂಕು ಕಣ್ಣಿಗೆ ಹೋಗುತ್ತದೆ.

ಎರೆಯುವ ಅಜ್ಜಿ ಮತ್ತು ಕೌದಿ

ದಿನಕ್ಕೆ ಕೆಲವು ಸಲ ಕೂಸನ್ನು ಎಚ್ಚರವಿದ್ದಾಗ ಬೋರಲು ಮಲಗಿಸಿ ಎಂದು ಈಗ ಡಾಕ್ಟರುಗಳು ಹೇಳುತ್ತಾರೆ. ಗೋಣು, ಹೆಗಲು, ಬೆನ್ನು ಗಟ್ಟಿಯಾಗಲು ಇದು ದಾರಿ. ಮೊಬೈಲಿನಲ್ಲಿ ಇದನ್ನು ಹೊಸ ಶೋಧದಂತೆ ತೋರಿಸುತ್ತಾರೆ. ನಮ್ಮ ಕಡೆ ಎರೆಯುವ ಅಜ್ಜಿ ಎರಡೂ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ಹಚ್ಚುತ್ತಾರಲ್ಲ, ಅಲ್ಲಿ ನಡೆಯುವುದೂ ಅದೇ ವ್ಯಾಯಾಮ. ಆಗ ಕೂಸು ತಲೆ ಎತ್ತಲು ಒದ್ದಾಡುವುದನ್ನು ನೀವೂ ನೋಡಿರುತ್ತೀರಿ.

ಆದರೆ ಎರೆಯುವುದು ದಿನಕ್ಕೊಂದೇ ಸಲ. ಉಳಿದ ಹೊತ್ತು ಕೂಸು ತೊಟ್ಟಿಲಲ್ಲೋ ಸೀರೆಯ ಜೋಳಿಗೆಯಲ್ಲೋ ಬೆನ್ನ ಮೇಲೆ ಇರುತ್ತದೆ. ನೆಲದ ಮೇಲೆ ಒಂದು ಕೌದಿ ಹಾಸಿ ಸಾಕು. ಹಳೇ ಸೀರೆಗಳ ಕೌದಿ ತೀರಾ ಮೆತ್ತಗಿಲ್ಲ, ತೀರಾ ಒರಟೂ ಇಲ್ಲ. ಕೈ ಊರಿದರೆ ಹೂತು ಹೋಗುವುದಿಲ್ಲ. ಫೋಮ್ ಹಾಸಿಗೆಗಿಂತ ಇದಕ್ಕೇ ನನ್ನ ಓಟು. ಮೊದಲು ಎರಡು ಮೂರು ನಿಮಿಷ, ಕೂಸು ಒಗ್ಗಿಕೊಂಡಂತೆ ಜಾಸ್ತಿ ಮಾಡಿ. ಹಾಲು ಕುಡಿದ ತಕ್ಷಣ ಬೇಡ, ಕಕ್ಕುತ್ತದೆ. ಯಾರಾದರೂ ಪಕ್ಕದಲ್ಲೇ ಕೂತಿರಬೇಕು. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ ಮಲಗಿಸಬೇಕು. ಬೋರಲು ನಿದ್ದೆಯಲ್ಲಿ ಉಸಿರು ಕಟ್ಟುವ ಅಪಾಯ ಹೆಚ್ಚು.

ಎಣ್ಣೆ ತಿಕ್ಕುವುದರಲ್ಲಿ ತಪ್ಪಿಲ್ಲ. ಮೆಲ್ಲಗೆ ಸವರಿದರೆ ಕೂಸಿಗೆ ಹಿತ, ಚೆನ್ನಾಗಿ ನಿದ್ದೆ ಬರುತ್ತದೆ. ಬಿಡಬೇಕಾದದ್ದು ಕೆಲವಿವೆ. ಮೂಗು, ಕಿವಿಗೆ ಎಣ್ಣೆ ಹಾಕಬಾರದು. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಹುಟ್ಟಿದ ಕೂಸಿನ ಎದೆ ಊದಿಕೊಂಡಿದ್ದರೆ, ಹೆಣ್ಣಿರಲಿ ಗಂಡಿರಲಿ, ಹಿಂಡಬಾರದು. ಅದು ತಾಯಿಯ ಹಾರ್ಮೋನಿನಿಂದ ಬಂದದ್ದು, ಕೆಲ ವಾರಗಳಲ್ಲಿ ಇಳಿಯುತ್ತದೆ. ಹಿಂಡಿದರೆ ಕೀವಾಗುತ್ತದೆ. ಕಾಲು ಹಿಡಿದು ತಲೆಕೆಳಗೆ ತೂಗುವುದನ್ನಂತೂ ನೋಡಲಾಗದು. ಎರೆದ ಮೇಲೆ ಲೋಬಾನದ ಹೊಗೆ ಹಿಡಿಯುವುದೂ ಬೇಡ, ಆ ಪುಟ್ಟ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ.

ಸುತ್ತಲೂ ದಿಂಬಿಟ್ಟು ಮೂರು ತಿಂಗಳಿಗೇ ಕೂರಿಸಿದರೆ ಬೇಗ ಕೂರುತ್ತದೆಯೇ? ಇಲ್ಲ. ದಿಂಬು ಹಿಡಿದುಕೊಂಡಿರುವಾಗ ಬೆನ್ನಿಗೆ ಕೆಲಸವೇ ಇಲ್ಲ. ವಾಕರಿನ ಕಥೆ ಇದಕ್ಕಿಂತ ಕೆಟ್ಟದ್ದು. ಅದರಲ್ಲಿ ಕೂಸು ಬೆರಳ ತುದಿಯಿಂದ ನೆಲ ಒದ್ದು ಓಡುತ್ತದೆ, ತೂಕ ಹೊತ್ತು ನಿಲ್ಲುವುದನ್ನು ಕಲಿಯುವುದಿಲ್ಲ. ಹೊಸ್ತಿಲು, ಮೆಟ್ಟಿಲುಗಳಲ್ಲಿ ಉರುಳಿ ತಲೆಗೆ ಪೆಟ್ಟಾಗುವುದು ಬೇರೆ. ಕೆನಡಾ 2004ರಲ್ಲಿ ಅವುಗಳ ಮಾರಾಟವನ್ನೇ ನಿಷೇಧಿಸಿತು. ನಮ್ಮಲ್ಲಿ ತೊಟ್ಟಿಲ ಕಾರ್ಯಕ್ಕೆ ಉಡುಗೊರೆಯಾಗಿ ಬರುತ್ತವೆ.

ವಿಜಯಪುರದ ಬಿಸಿಲಲ್ಲೂ ನೀರು ಬೇಡವೇ?

ಬೇಡ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಇದನ್ನು ನಂಬುವುದು ಕಷ್ಟ. ಆದರೆ ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇದೆ. ಸೆಕೆ ಜಾಸ್ತಿಯಾದರೆ ಕೂಸಿಗೆ ಇನ್ನಷ್ಟು ಸಲ ಹಾಲೂಡಿಸಬೇಕು, ನೀರು ಕುಡಿಯಬೇಕಾದದ್ದು ತಾಯಿ. ಕೂಸಿನ ಹೊಟ್ಟೆ ಪುಟ್ಟದು. ಅದರಲ್ಲಿ ನೀರು ತುಂಬಿದರೆ ಅಷ್ಟು ಹಾಲು ಕಡಿಮೆ ಹೋಗುತ್ತದೆ, ನೇರವಾಗಿ ತೂಕದ ಗೆರೆಗೆ ಹೊಡೆತ. ಆರು ತಿಂಗಳು ತುಂಬುವವರೆಗೆ ಘುಟ್ಟಿ, ಬಜೆ, ಸಕ್ಕರೆ ನೀರು ಯಾವುದೂ ಬೇಡ. ಜೇನುತುಪ್ಪ ವರ್ಷ ತುಂಬುವವರೆಗೂ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಕರುಳಿನಲ್ಲಿ ವಿಷ ಉಂಟುಮಾಡಿ ಸ್ನಾಯುಗಳನ್ನು ಸಡಿಲ ಮಾಡಿಬಿಡಬಲ್ಲದು.

ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಹೊಯ್ಯುತ್ತಿದೆಯೇ ನೋಡಿ. ಎದೆಹಾಲಿನಲ್ಲಿ ಕಡಿಮೆ ಇರುವುದು ವಿಟಮಿನ್ ಡಿ. ಎಲುಬು ಗಟ್ಟಿಯಾಗಲು ಅದು ಬೇಕು. ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿ ಹಾಕಲು ಮಕ್ಕಳ ಡಾಕ್ಟರುಗಳು ಹೇಳುತ್ತಾರೆ.

ಯಾವಾಗ ತೋರಿಸಬೇಕು?

ತಡ ಬೇರೆ, ತೊಂದರೆ ಬೇರೆ. ನಾಲ್ಕು ತಿಂಗಳು ಪೂರ್ತಿ ತುಂಬಿದ ಮೇಲೂ ಗೋಣು ನಿಲ್ಲದಿದ್ದರೆ ತೋರಿಸಿ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಆಟಿಕೆ ಸರಿಸಿದಾಗ ಕಣ್ಣು ಹಿಂಬಾಲಿಸದಿದ್ದರೆ, ದೊಡ್ಡ ಸದ್ದಿಗೂ ಬೆಚ್ಚದಿದ್ದರೆ ತೋರಿಸಿ. ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬೀಳುವ ಕೂಸು, ಅಥವಾ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿಯುವ ಕೂಸು, ಯಾವಾಗಲೂ ಒಂದೇ ಕೈ ಬಳಸುವ ಕೂಸು, ಇವನ್ನೂ ಕಾಯದೆ ತೋರಿಸಬೇಕು. ನಿನ್ನೆವರೆಗೆ ಮಾಡುತ್ತಿದ್ದುದನ್ನು ಇವತ್ತು ಬಿಟ್ಟರೆ ಅದು ಎಲ್ಲಕ್ಕಿಂತ ಗಂಭೀರ.

ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳನ್ನು ಗುರುತಿಸಿ ಜಿಲ್ಲಾ ಮಟ್ಟದಲ್ಲಿ ಉಚಿತವಾಗಿ ನೋಡುವ ವ್ಯವಸ್ಥೆಯಿದೆ. ಬೇಗ ಹೋದಷ್ಟು ಒಳ್ಳೆಯದು, ಯಾಕೆಂದರೆ ಎಳೆ ಮಿದುಳು ಹೊಸ ದಾರಿ ಕಂಡುಕೊಳ್ಳಬಲ್ಲದು. ಇದಕ್ಕೆ ನಮ್ಮ ಕಡೆಯದ್ದೇ ಒಂದು ಸಾಕ್ಷಿ ಇದೆ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಸುತ್ತಲಿನ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿತು. ಪಾಕಿಸ್ತಾನ, ಜಾಂಬಿಯಾದಲ್ಲೂ ಅದು ಜೊತೆಜೊತೆಗೆ ನಡೆಯಿತು. ಹುಟ್ಟುವಾಗ ಉಸಿರಿಗೆ ಕಷ್ಟಪಟ್ಟ ಮಕ್ಕಳೂ ಅದರಲ್ಲಿದ್ದರು. ಎರಡು ವಾರಕ್ಕೊಮ್ಮೆ ಒಬ್ಬರು ಮನೆಗೆ ಬಂದು, ಕೂಸಿನ ಜೊತೆ ಹೇಗೆ ಆಡಬೇಕು ಎಂದು ತಂದೆತಾಯಿಗೆ ಕಲಿಸುತ್ತಿದ್ದರು. ಮೂರು ವರ್ಷದ ಕೊನೆಗೆ ಅಂಥ ಮನೆಗಳ ಮಕ್ಕಳು ಬೆಳವಣಿಗೆಯ ಪರೀಕ್ಷೆಯಲ್ಲಿ ಮುಂದಿದ್ದರು. ದುಬಾರಿ ಯಂತ್ರ ಏನೂ ಇರಲಿಲ್ಲ.

ಇನ್ನೊಂದು ಲೆಕ್ಕ ಉಳಿದಿದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸಬಾರದು. ಡಾಕ್ಟರು ಕೊಟ್ಟ ಹೆರಿಗೆ ದಿನಾಂಕದಿಂದ ಎಣಿಸಬೇಕು. ಎರಡು ತಿಂಗಳು ಮೊದಲೇ ಬಂದ ಕೂಸು ಐದು ತಿಂಗಳಿಗೆ ಮಾಡಬೇಕಾದದ್ದು ಮೂರು ತಿಂಗಳ ಕೂಸಿನ ಕೆಲಸ. ಎರಡು ವರ್ಷದವರೆಗೆ ಬೆಳವಣಿಗೆಯನ್ನು ಹೀಗೇ ಅಳೆಯುತ್ತಾರೆ. ಲಸಿಕೆಗೆ ಮಾತ್ರ ಈ ರಿಯಾಯಿತಿ ಇಲ್ಲ, ಅದು ಹುಟ್ಟಿದ ದಿನದ ಲೆಕ್ಕದಲ್ಲೇ 6, 10, 14ನೇ ವಾರಕ್ಕೆ ಬೀಳಬೇಕು.

ಬಸ್ ನಿಲ್ದಾಣದಲ್ಲಿ ನನಗೆ ನೆನಪಾದದ್ದೂ ಇದೇ. ನಮ್ಮ ಕೂಸು ಐದು ವಾರ ಮೊದಲೇ ಹುಟ್ಟಿತ್ತು. ಹುಟ್ಟಿದಾಗ ಇಡೀ ಮನೆ ಅದನ್ನೇ ಮಾತಾಡುತ್ತಿತ್ತು. ನಾಲ್ಕು ತಿಂಗಳಲ್ಲಿ ಎಲ್ಲರೂ ಮರೆತಿದ್ದರು. ತಾಯಿ ಕಾರ್ಡ್ ತೆಗೆದು ಹೆರಿಗೆಗೆ ಕೊಟ್ಟಿದ್ದ ದಿನಾಂಕ ನೋಡಿದೆವು. ಅದರಿಂದ ಎಣಿಸಿದರೆ ಕೂಸಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲ.

"ಹಂಗಾದ್ರ ಇನ್ನಾ ಟೈಮ್ ಐತಿ," ಎಂದರು ಅಜ್ಜಿ. ಕುಂಚಿಗೆ ಎಳೆದು ಅದರ ಕಸಿ ಕಟ್ಟಿದರು. ಕೂಸು ಹೆಗಲ ಮೇಲಿಂದ ತಲೆ ಎತ್ತಿತು, ಅವರ ಕೆಂಪು ಸೆರಗನ್ನೇ ನೋಡಿತು, ಎಣಿಸಿದರೆ ಹತ್ತರವರೆಗೆ ನಿಂತಿತು. ಆಮೇಲೆ ಮೂಗು ತಾಯಿಯ ಹೆಗಲಿಗೆ ತಾಗಿ ಅಳು ಶುರುವಾಯಿತು. ಅಷ್ಟರಲ್ಲಿ ಬಸ್ಸು ಬಂತು.